ಇಂಜಿನ್ನಿನ ನಡುಕ, ಅಣ್ಣನ ಉಸಿರು

"ನಿಮ್ಮಣ್ಣಂಗೆ ಹಾವು ಕಡದೈತೆ ಕಣಲೇ! ನಾಗರಹಾವು, ಕಣ್ಣಾರೆ ನೋಡೀನಿ. ಜಟಿಂಗ ರಾಮೇಶ್ವರ ಬೆಟ್ಟದ ಹಿಂದ್ಲ ಕಣಿವೇಲಿದೀವಿ. ಗಾಡಿ ತಗಂಡು ಬಾ, ಜಲ್ದಿ!"

ಅಣ್ಣನ ಜೊತೆ ಕುರಿ ಕಾಯುವ ಹುಲಿಯಪ್ಪ ಇಷ್ಟು ಹೇಳುವುದಕ್ಕೇ ಸಿಗ್ನಲ್ ಹುಡುಕುತ್ತ ಬಂಡೆ ಹತ್ತಿದ್ದ. ಮುಂದಿನ ಮಾತು ಗಾಳಿಯ ಪಾಲಾಯಿತು.

ಫೋನೆತ್ತಿದ್ದ ಅಂಜನ್, ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಹಟ್ಟಿಗಳಿಗೆ ಬೈಕಿನಲ್ಲಿ ತಿರುಗಿ ಕುರಿ ಔಷಧಿ ಮಾರುವವನು. ತಂದೆಯಿಲ್ಲದ ಅವನನ್ನು ಹೆಗಲ ಮೇಲೆ ಹೊತ್ತು ಸಾಕಿದವನು ಅಣ್ಣ ಯರ್ರಪ್ಪ. ಅಂಜನ್ ಕಿಕ್ ಹೊಡೆಯುವಷ್ಟರಲ್ಲಿ ಯರ್ರಪ್ಪನ ಹೆಂಡತಿ ಉಚ್ಚಂಗೆಮ್ಮ ಕಂಬಳಿ, ಹಗ್ಗ, ನೀರಿನ ಬಾಟಲಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಅವಳು ಅಳಲಿಲ್ಲ. "ನಡಿ" ಅಂದಳು, ಅಷ್ಟೇ.

ದಾರಿಯಲ್ಲೇ ಆಂಬುಲೆನ್ಸಿಗೆ ಫೋನು ಮಾಡಿದಳು. ಟಾರು ರಸ್ತೆಯಿಂದ ಮೇಲಕ್ಕೆ ವ್ಯಾನು ಹತ್ತದು, ಕೆಳಗೆ ಬೇವಿನ ಮರದ ಹತ್ತಿರ ಬಂದು ನಿಲ್ಲುತ್ತೇವೆ ಎಂದರು. ಆ ಕಡೆಯ ಹೆಣ್ಣುದನಿ ಇನ್ನೊಂದು ಮಾತನ್ನು ಬಿಡಿಸಿ ಹೇಳಿತು. "ನಾಗರದ ವಿಷಕ್ಕೆ ಉಸಿರಾಟ ನಿಂತುಹೋಗುತ್ತಮ್ಮ. ಉಸಿರು ನೋಡ್ತಾನೇ ಇರಿ. ನಿಂತ ತಕ್ಷಣ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಊದಿ. ನಾವು ಸಿಗೋವರೆಗೂ ಬಿಡಬೇಡಿ."

ಶೇಂಗಾ ಕಿತ್ತ ಹೊಲಗಳು ಮುಗಿದು ಜಾಲಿ ಪೊದೆಗಳು ಶುರುವಾದವು. ಆಮೇಲೆ ಮರಳು ತುಂಬಿದ ಒಣ ಹಳ್ಳ, ಅದನ್ನು ದಾಟಿದರೆ ಏರು. ಎದುರಿಗೆ ಬೆಟ್ಟವೆಲ್ಲ ಬರೀ ಬಂಡೆ. ಬಂಡೆ ಸಂದಿಯಲ್ಲಿ ಕಳ್ಳಿ, ಕಳ್ಳಿ ಬುಡದಲ್ಲಿ ಒಣಗಿದ ಬಾದೆ ಹುಲ್ಲು. ದೂರದ ದಿಣ್ಣೆಯ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಮನುಷ್ಯರ ಸುಳಿವೇ ಇರಲಿಲ್ಲ.

ಇನ್ನು ಆ ಬೈಕೋ, ದೇವರಿಗೇ ಪ್ರೀತಿ! ತಿಂಗಳುಗಳಿಂದ ಅದರ ಇಂಜಿನ್ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಕೈ ಜೋಮು ಹಿಡಿಯುತ್ತದೆಂದು ಅಂಜನ್ ಹ್ಯಾಂಡಲ್ಲಿಗೆ ದಪ್ಪ ಕಂಬಳಿಯ ಪಟ್ಟಿ ಸುತ್ತಿದ್ದ. ಕೈಗೆ ಸುಖವಾಯಿತು, ಬೈಕಿನ ರೋಗ ಮರೆತೇ ಹೋಯಿತು. ನಮ್ಮ ಸೀಮೆಯವರಿಗೆ ಚಳಿಗೂ ಕಂಬಳಿ, ಬಿಸಿಲಿಗೂ ಕಂಬಳಿ, ಸರಿಯೇ. ಇಂಜಿನ್ನಿಗೂ ಕಂಬಳಿ ಅಂದರೆ ಹೇಗೆ?

ಏರಿನ ನಡುವೆ ಟಣ್ ಎಂದಿತು.

ಇಂಜಿನ್ ಎಗರಿ ಎಗರಿ ಬಿದ್ದು ಆಫಾಯಿತು. ಅಂಜನ್ ಬಗ್ಗಿ ನೋಡಿದ. ಇಂಜಿನ್ನನ್ನು ಚೌಕಟ್ಟಿಗೆ ಹಿಡಿದಿದ್ದ ಮುಂದಿನ ಬೋಲ್ಟು ಮಾಯವಾಗಿತ್ತು. ಉಳಿದದ್ದು ಹಿಂದಿನದು ಒಂದೇ.

"ಏನಾತು?"

"ನಡುಗಿ ನಡುಗಿ ಬೋಲ್ಟು ಕಳಚೈತೆ, ಅತ್ತಿಗೆ. ಕೈಗೆ ಗೊತ್ತೇ ಆಗ್ಲಿಲ್ಲ."

ಹ್ಯಾಂಡಲ್ಲಿನ ಕಂಬಳಿ ಪಟ್ಟಿ ಬಿಚ್ಚಿ ಇಂಜಿನ್ನಿಗೂ ಚೌಕಟ್ಟಿಗೂ ನಡುವೆ ತುರುಕಿದ. ಬೋಲ್ಟಿನ ತೂತಿಗೆ ಜಾಲಿ ಗೂಟವೊಂದನ್ನು ಕಲ್ಲಿನಿಂದ ಬಡಿದು ಬಿಗಿಮಾಡಿದ. ಕಿಕ್ ಹೊಡೆದ. ಇಂಜಿನ್ ಶುರುವಾಯಿತು, ಆದರೆ ಆ ಒಂದೇ ಒದೆತಕ್ಕೆ ಹಿಂದಿನ ಬೋಲ್ಟು ಹಿಡಿದಿದ್ದ ಕಬ್ಬಿಣ ಬಿರುಕು ಬಿಟ್ಟಿತು.

"ಇನ್ನೊಂದು ಕಿಕ್ ತಡೆಯಲ್ಲ. ಇನ್ಮೇಲೆ ಇಂಜಿನ್ ಆಫ್ ಮಾಡಂಗಿಲ್ಲ."

ಕಣಿವೆಯಲ್ಲಿ ಯರ್ರಪ್ಪ ಬಂಡೆಯ ನೆರಳಲ್ಲಿ ಮಲಗಿದ್ದ. ರೆಪ್ಪೆಗಳು ಜೋತುಬಿದ್ದಿದ್ದವು. ಜೊಲ್ಲು ಗಲ್ಲದ ಮೇಲೆ ಹರಿದಿತ್ತು. ಪಾದ ಊದಿ ಕಪ್ಪಗಾಗಿತ್ತು. ತಮ್ಮನನ್ನು ಕಂಡು ಏನೋ ಹೇಳಲು ಹೋದ, ನಾಲಿಗೆ ಏಳಲಿಲ್ಲ.

"ಕುರಿ ನಾನು ನೋಡ್ಕಂತೀನಿ. ಇವನ್ನ ಉಳಿಸ್ಕಳಿ" ಎಂದ ಹುಲಿಯಪ್ಪ. ಇಂಜಿನ್ ಆರದಂತೆ ಎಕ್ಸಿಲೇಟರ್ ಹಿಡಿದೇ ಅಂಜನ್ ಮುಂದೆ ಕೂತ. ನಡುವೆ ಯರ್ರಪ್ಪ, ಹಿಂದೆ ಉಚ್ಚಂಗೆಮ್ಮ. ಹುಲಿಯಪ್ಪ ಮೂವರನ್ನೂ ಸೇರಿಸಿ ಹಗ್ಗ ಬಿಗಿದ, ಏರು ಮುಗಿಯುವವರೆಗೆ ಹಿಂದಿನಿಂದ ತಳ್ಳಿದ.

ನಡುಕ ಈಗ ಬರಿಗೈಗೆ ಬಡಿಯುತ್ತಿತ್ತು. ಬೆರಳು ಮೊದಲು ಉರಿದವು, ಆಮೇಲೆ ಜುಮುಗುಟ್ಟಿದವು, ಆಮೇಲೆ ಇದ್ದಾವೋ ಇಲ್ಲವೋ ತಿಳಿಯದಾಯಿತು. ತುರುಕಿದ ಕಂಬಳಿ ಕಮರಿ ಕೂದಲು ಸುಟ್ಟ ವಾಸನೆ ಬರುತ್ತಿತ್ತು.

"ಅತ್ತಿಗೆ, ಉಸಿರು ನೋಡು!"

ಅವಳು ಗಂಡನ ಎದೆಯ ಮೇಲೆ ಅಂಗೈ ಇಟ್ಟಳು. "ಗೊತ್ತಾಗ್ತಿಲ್ಲ ಕಣೋ! ಎದೆ ಮುಟ್ಟಿದ್ರೂ ಇಂಜಿನ್ನೇ ಬಡ್ಕಂತೈತೆ. ಆಫ್ ಮಾಡು, ಒಂದೇ ಗಳಿಗೆ!"

"ಆಫಾದ್ರೆ ಇಲ್ಲೇ ಮುಗೀತು!"

"ಉಸಿರು ನಿಂತಿದ್ರೆ? ಹೆಣ ಹೊತ್ಕಂಡು ಹೋಗ್ತೀಯಾ?"

ಅಂಜನ್‌ನ ಬೆನ್ನಿಗೆ ಅಣ್ಣನ ಎದೆ ಒತ್ತಿಕೊಂಡಿತ್ತು, ಅಲ್ಲೂ ಬರೀ ಗಡಗಡ. ನಿಲ್ಲಿಸಿದರೂ ಸಾವು, ನಿಲ್ಲಿಸದಿದ್ದರೂ ಸಾವು. ಅಯ್ಯೋ, ಇದೆಂಥ ಪೇಚು!

ಆಗ ಉಚ್ಚಂಗೆಮ್ಮನಿಗೆ ಕುರಿದೊಡ್ಡಿ ನೆನಪಾಯಿತು. ಹುಟ್ಟಿದ ಮರಿ ಮಿಸುಕದಿದ್ದರೆ ಯಾರೂ ಅದರ ಎದೆ ಮುಟ್ಟಿ ನೋಡುವುದಿಲ್ಲ, ತಾಯಿಕುರಿಯ ಒದ್ದಾಟದಲ್ಲಿ ಕೈಗೆ ಏನೂ ತಿಳಿಯದು. ತುಟಿ ಒದ್ದೆ ಮಾಡಿಕೊಂಡು ಮರಿಯ ಮೂಗಿಗೆ ಇಡುತ್ತಾರೆ. ಅವಳು ತನ್ನ ಹೆಗಲಿಗೆ ಒರಗಿದ್ದ ಗಂಡನ ತಲೆಯನ್ನು ಹೊರಳಿಸಿದಳು. ಗಾಳಿ ನುಗ್ಗದಂತೆ ಇಬ್ಬರ ತಲೆಯ ಮೇಲೂ ಕಂಬಳಿ ಎಳೆದಳು. ತುಟಿ ನೆಕ್ಕಿ ಅವನ ಮೂಗಿಗೆ ತಾಗಿಸಿದಳು.

"ಐತೆ! ಬಿಸಿ ಐತೆ! ನಡಿ, ನಡಿ!"

ಇಳಿಜಾರು ಮುಗಿದು ಮರಳ ಹಳ್ಳ ಬಂತು. ಅರ್ಧ ಹಳ್ಳ ದಾಟುವಷ್ಟರಲ್ಲಿ ಕಂಬಳಿಯೊಳಗಿಂದ ಕೂಗು ಎದ್ದಿತು.

"ಬರ್ತಿಲ್ಲ! ಉಸಿರು ಬರ್ತಿಲ್ಲ!"

ಅಂಜನ್‌ನ ಕಾಲು ಬ್ರೇಕಿಗೆ ಹೋಯಿತು.

"ನಿಲ್ಲಿಸ್ಬೇಡ! ಊದ್ತೀನಿ!"

ಅವಳು ಗಂಡನ ಮೂಗು ಹಿಡಿದು ಬಾಯಿಗೆ ಬಾಯಿಟ್ಟಳು. ಬೈಕ್ ನಡುಗಿತು, ಹಲ್ಲಿಗೆ ಹಲ್ಲು ಬಡಿಯಿತು. ಗಾಳಿ ಪಕ್ಕದಿಂದ ಸೋರಿಹೋಯಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಅವಳ ತುಟಿ ಸೀಳಿ ರಕ್ತ ಬಂತು.

"ನಡುಕ ಕಮ್ಮಿ ಮಾಡೋ! ಬಾಯಿ ನಿಲ್ತಿಲ್ಲ!"

ಪ್ರತಿ ಬೈಕಿಗೂ ನಡುಕ ತಗ್ಗುವ ಒಂದು ಹದ ಇರುತ್ತದೆ, ಎಕ್ಸಿಲೇಟರಿನ ಕೂದಲೆಳೆಯಷ್ಟು ಜಾಗ. ಸತ್ತ ಬೆರಳಿಗೆ ಅದು ಸಿಗುವುದು ಹೇಗೆ? ಅಂಜನ್ ಕೈಯ ಆಸೆ ಬಿಟ್ಟು ಕಿವಿಕೊಟ್ಟ. ಸ್ವಲ್ಪ ಇಳಿಸಿದ, ಇಂಜಿನ್ ಕುಟ್ಟಿತು. ಏರಿಸಿದ, ಕಿರುಚಿತು. ಮತ್ತೆ ಚೂರೇ ಚೂರು ಇಳಿಸಿದ. ಸದ್ದು ಗುಂಯ್ ಎಂದು ಒಂದೇ ಸಮಕ್ಕೆ ಬಂತು.

"ಅಲ್ಲೇ! ಅಲ್ಲೇ ಇರ್ಲಿ!"

ಗುಂಡಿ ಬಂದರೂ, ಮರಳಲ್ಲಿ ಚಕ್ರ ಹೊರಳಿದರೂ ಅವನು ಆ ಸದ್ದು ಬಿಡಲಿಲ್ಲ. ಬೆನ್ನ ಹಿಂದೆ ಅತ್ತಿಗೆ ಊದುತ್ತಿದ್ದಳು, ಏದುಸಿರು ಬಿಟ್ಟು ಮತ್ತೆ ಊದುತ್ತಿದ್ದಳು. ಅಣ್ಣ ಇದ್ದಾನೋ ಹೋದನೋ ಕೇಳಲು ಅವನಿಗೆ ಧೈರ್ಯವಿರಲಿಲ್ಲ. ಕಣ್ಣೀರು ಒರೆಸಿಕೊಳ್ಳಲು ಕೈಗೂ ಬಿಡುವಿರಲಿಲ್ಲ.

ಬೇವಿನ ಮರ ಕಂಡಿತು. ಅದರಡಿ ಬಿಳಿ ವ್ಯಾನು. ಇಬ್ಬರು ಓಡಿಬಂದು ಹಗ್ಗ ಕತ್ತರಿಸಿ ಯರ್ರಪ್ಪನನ್ನು ಇಳಿಸಿಕೊಂಡರು, ಬಾಯಿಗೆ ರಬ್ಬರ್ ಚೀಲ ಹಾಕಿ ಒತ್ತತೊಡಗಿದರು. "ನಾಡಿ ಇದೆ!" ಎಂದ ಒಬ್ಬ. ಅಂಜನ್ ಇಂಜಿನ್ ಆಫ್ ಮಾಡಿ ಬೈಕನ್ನು ಮರಕ್ಕೆ ಒರಗಿಸಿದ. ಬಿರುಕು ಬಿಟ್ಟ ಕಬ್ಬಿಣ ಮುರಿದು ಇಂಜಿನ್ ನೆಲದತ್ತ ವಾಲಿತು. ಅದನ್ನು ನೋಡಲು ಯಾರೂ ನಿಲ್ಲಲಿಲ್ಲ.

ಮರುದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಉಸಿರಾಟಕ್ಕೆಂದು ಯರ್ರಪ್ಪನ ಗಂಟಲಿಗೆ ಹಾಕಿದ್ದ ಕೊಳವೆ ತೆಗೆದರು. ಪಾದದ ಮಾಂಸ ಕೊಳೆತಿದೆ, ಎರಡು ಬೆರಳು ಉಳಿಯುವುದಿಲ್ಲ, ಇನ್ನು ಬೆಟ್ಟ ಹತ್ತುವುದು ಕಷ್ಟ ಎಂದರು ಡಾಕ್ಟರು. ಉಸಿರು ಮಾತ್ರ ಅವನದೇ ಎಂದರು.

ಅಂಜನ್‌ಗೆ ನಂಬಿಕೆಯಾಗಲಿಲ್ಲ. ಹತ್ತಿರ ಹೋಗಿ ಬೆರಳು ಒದ್ದೆ ಮಾಡಿಕೊಂಡು ಅಣ್ಣನ ಮೂಗಿನ ಕೆಳಗೆ ಹಿಡಿದ. ಏನೂ ಇಲ್ಲ. ಮತ್ತೆ ಹಿಡಿದ. ಏನೂ ಇಲ್ಲ.

"ಅತ್ತಿಗೆ... ಬರ್ತಿಲ್ಲ!"

ಉಚ್ಚಂಗೆಮ್ಮ ಊದಿದ ತುಟಿಯಲ್ಲೇ ಹೇಳಿದಳು. "ಸತ್ತಿರೋದು ನಿನ್ನ ಬೆರಳು ಕಣೋ, ನಿಮ್ಮಣ್ಣ ಅಲ್ಲ. ತುಟಿ ಇಡು."

ಅವನು ಬಗ್ಗಿದ. ತುಟಿಗೆ ಬಿಸಿ ತಾಗಿತು, ಹೋಯಿತು, ಮತ್ತೆ ತಾಗಿತು. ಅಂಜನ್ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತ.

ಮಂಚದಿಂದ ಒಡಕು ದನಿಯೊಂದು ಎದ್ದಿತು.

"ಮೀಸೆ ಚುಚ್ತೈತೆ... ಆಚೆ ಸರೀಲೇ."