ಕೆಳಗಿನ ಸಾಲು ಮೊದಲು

ಎನಿಡ್ ಕ್ರಾಸ್ಲಿ ಪದಬಂಧವನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತಿದ್ದಳು. ರಚಿಸುವವರು ಮೊದಲ ಸುಳಿವುಗಳನ್ನು ಹುರುಪಿನಲ್ಲಿ ಬರೆದಿರುತ್ತಾರೆ, ಕೊನೆಯವನ್ನು ಬರೆಯುವಾಗ ದಣಿದಿರುತ್ತಾರೆ. ತಪ್ಪು ನುಸುಳಿದ್ದರೆ ಕೆಳಗೇ ನುಸುಳಿರುತ್ತದೆ. ಲಯೊನೆಲ್ ಪ್ರಾಕ್ಟರನ ಪದಬಂಧಗಳು ಪತ್ರಿಕೆಗೆ ಹೋಗುವ ಮುನ್ನ ಹನ್ನೊಂದು ವರ್ಷ ಅವನ್ನು ಪರೀಕ್ಷಿಸಿ ಕೊಟ್ಟವಳಿಗೆ ಇಷ್ಟಾದರೂ ಗೊತ್ತಿರಬೇಡವೇ?

ನವೆಂಬರಿನ ಆ ಭಾನುವಾರ ಬೆಳಿಗ್ಗೆಯೂ ಅವಳು ಕಾರ್ಬ್ರಿಜ್‌ನ ತನ್ನ ಪುಟ್ಟ ಮನೆಯಲ್ಲಿ, ಅಡುಗೆಮನೆಯ ಕಿಟಕಿಯ ಪಕ್ಕ ಕುಳಿತು ಅವನ ಲಕೋಟೆ ಒಡೆದಳು. ಒಳಗೆ ಚೌಕಗಳ ಹಾಳೆ, ಸುಳಿವುಗಳ ಹಾಳೆ, ಜೊತೆಗೆ ಒಂದು ಚೀಟಿ: "ಈ ಸಲ ನಿಧಾನವಾಗಿ ನೋಡು ಎನಿಡ್. ಇದು ನನಗೆ ತುಂಬ ಮುಖ್ಯವಾದದ್ದು."

ಎರಡನೆಯ ಲೋಟ ಚಹಾ ಮುಗಿಯುವ ಹೊತ್ತಿಗೆ ಕೆಳಗಿನ ಅಂಚಿನ ಚೌಕಗಳು ತುಂಬಿದ್ದವು. ಅಭ್ಯಾಸದಂತೆ ಅವಳು ಅಂಚಿನ ಅಕ್ಷರಗಳನ್ನು ಎಡದಿಂದ ಬಲಕ್ಕೆ ಓದಿದಳು. ಸುಲಭವಾಗಿ ಕಣ್ಣಿಗೆ ಬೀಳದ ಹಾಗೆ ಅಂಚಿನಲ್ಲಿ ಮಾತು ಹುದುಗಿಸಿಡುವುದು ಲಯೊನೆಲನ ಹಳೆಯ ಚಾಳಿ.

ನನ್ನ ಜೊತೆ ಬಾಳುವೆಯಾ.

ಅವಳು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಮತ್ತೆ ಓದಿದಳು. ಎದ್ದು ಹೋಗಿ, ಯಾಕೆಂದು ತನಗೇ ತಿಳಿಯದೆ, ಮಾಸಿದ ಕಾರ್ಡಿಗನ್ ತೆಗೆದು ನೀಲಿಯದನ್ನು ಹಾಕಿಕೊಂಡು ಬಂದಳು. ಐವತ್ತೆಂಟು ವರ್ಷದ ಹೆಂಗಸು, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಕಣ್ಣಿನ ಚೀಟಿ ಬರೆಯುವವಳು, ತನ್ನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಾಚಿಕೊಂಡಳು. ಹನ್ನೊಂದು ವರ್ಷದಲ್ಲಿ ಅವನು ಬಾಯಿಬಿಟ್ಟು ಹೇಳದ್ದನ್ನು ಇನ್ನು ಹೇಗೆ ತಾನೆ ಹೇಳಿಯಾನು? ಅವಳೊಬ್ಬಳೇ ಮೊದಲು ನೋಡುವ ಹಾಳೆಯಲ್ಲಿ ಹೇಳಿದ್ದಾನೆ.

ಉಳಿದ ಸುಳಿವುಗಳನ್ನು ಅವಳು ಅವಸರದಲ್ಲಿ ಬಿಡಿಸಿದಳು, ಒಂದೆರಡು ಕಡೆ ನಕ್ಕಳು. ಹೀಗೆ ಮೇಲಿನ ಅಂಚಿಗೆ ಬಂದಾಗ ಅಲ್ಲಿ ಮೂರು ಅಕ್ಷರ ಸಾಲಾಗಿ ನಿಂತವು.

ರೊವೀನಾ.

ಹೊರಗೆ ಯಾರದೋ ಕಾರು ಸ್ಟಾರ್ಟಾಗದೆ ಕೆಮ್ಮುತ್ತಿತ್ತು. ಎನಿಡ್ ಬಹಳ ಹೊತ್ತು ಅದನ್ನೇ ಕೇಳುತ್ತ ಕುಳಿತಳು.

*

ರೊವೀನಾ ಗುರುವಾರದ ಗುಂಪಿಗೆ ಬಂದು ಒಂದು ವರ್ಷವಾಗಿತ್ತು. ಹೆಕ್ಸಮ್‌ನ ಪಬ್ಬಿನ ಹಿಂದಿನ ಕೋಣೆಯಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಒಂದೇ ಪದಬಂಧಕ್ಕೆ ನಾಲ್ಕು ತಲೆ ಬಾಗುತ್ತಿದ್ದವು: ಎನಿಡ್, ಲಯೊನೆಲ್, ರೈಲ್ವೆ ಸಿಗ್ನಲ್‌ನಲ್ಲಿದ್ದು ನಿವೃತ್ತನಾದ ಕ್ಲೆಮ್, ಮತ್ತು ಗಂಡ ತೀರಿಕೊಂಡ ಮೇಲೆ ಈ ಊರಿಗೆ ಬಂದ ರೊವೀನಾ. ಅವಳು ನಕ್ಕರೆ ಬಾರಿನಲ್ಲಿ ಗ್ಲಾಸು ಒರೆಸುವವನೂ ತಿರುಗಿ ನೋಡುತ್ತಿದ್ದ. ಅವಳನ್ನು ದ್ವೇಷಿಸುವುದು ಎನಿಡ್‌ಗೆ ಸುಲಭವಾಗಿರಲಿಲ್ಲ. ಸೊಂಟ ನೋವೆಂದು ಎನಿಡ್ ಒಮ್ಮೆ ಅಂದಿದ್ದಕ್ಕೆ, ಮರುವಾರದಿಂದ ಅವಳು ಮನೆಯಿಂದ ಒಂದು ದಿಂಬು ತಂದು ಎನಿಡ್ ಕೂರುವ ಕುರ್ಚಿಗೆ ಹಾಕಿಡುತ್ತಿದ್ದಳು.

ಆದರೆ ರೊವೀನಾಳ ಬಗ್ಗೆ ಎನಿಡ್‌ಗೆ ಗೊತ್ತಿದ್ದ ಒಂದು ಸಂಗತಿ ಲಯೊನೆಲ್‌ಗೆ ಗೊತ್ತಿರಲಿಲ್ಲ. ಹಿಂದಿನ ಕ್ರಿಸ್‌ಮಸ್ಸಿನ ಪದಬಂಧದ ಅಂಚಿನಲ್ಲಿ ಹಬ್ಬದ ಶುಭಾಶಯವಿತ್ತು. ಆ ವಾರ ಲಯೊನೆಲ್ ಜ್ವರವೆಂದು ಬಂದಿರಲಿಲ್ಲ. ಚೌಕಗಳನ್ನೆಲ್ಲ ತುಂಬಿಯೂ ರೊವೀನಾಗೆ ಅದು ಕಾಣಲಿಲ್ಲ. ಎಲ್ಲ ಮುಗಿದ ಮೇಲೆ ಬಾರಿನವನು ಇಣುಕಿ ನೋಡಿ ತೋರಿಸಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಅಯ್ಯೋ, ತುಂಬಿದ ಮೇಲೆ ಮತ್ತೆ ಅದನ್ನ ಯಾರು ನೋಡ್ತಾರ್ರೀ? ನನಗೆ ನಿಮ್ಮ ಹರಟೆ ಸಾಕು."

ಪರೀಕ್ಷಿಸುವವಳ ಕೆಲಸ ಉತ್ತರ ಸರಿಯಿದೆಯೇ ಎಂದು ನೋಡುವುದಷ್ಟೇ ಅಲ್ಲ. ಓದುವವರಿಗೆ ತಲುಪಬೇಕಾದದ್ದು ತಲುಪುತ್ತದೆಯೇ ಎಂದೂ ಹೇಳಬೇಕು. ಎನಿಡ್ ಸೋಮವಾರ ಬೆಳಿಗ್ಗೆ ಮರುಲಕೋಟೆಯಲ್ಲಿ ಬರೆದಳು: "ಹದಿನಾಲ್ಕನೆಯ ಸುಳಿವು ಸ್ವಲ್ಪ ಬಿಗಿ ಮಾಡು. ಬೇರೆಲ್ಲ ಸರಿಯಿದೆ." ಪೆನ್ನು ಮುಚ್ಚಿ, ಮತ್ತೆ ತೆರೆದು, ಕೆಳಗೆ "ತುಂಬ ಚೆನ್ನಾಗಿದೆ" ಎಂದು ಸೇರಿಸಿದಳು. ಅವಳು ಹೇಳಬೇಕಾಗಿದ್ದ ಒಂದೇ ಒಂದು ಮಾತು ಆ ಕಾಗದದಲ್ಲಿರಲಿಲ್ಲ.

ಪತ್ರಿಕೆಯ ಕಚೇರಿಯಲ್ಲಿ ಪದಬಂಧಗಳು ಸರದಿಯಲ್ಲಿ ಕಾಯುತ್ತವೆ. ಇದಕ್ಕೆ ಮೂರು ತಿಂಗಳು ಹಿಡಿಯಿತು. ಹೇಳಲು ಹನ್ನೆರಡು ಗುರುವಾರಗಳಿದ್ದವು. ಎನಿಡ್ ಹನ್ನೆರಡನ್ನೂ ಕಳೆದಳು.

*

ಫೆಬ್ರವರಿಯ ಒಂದು ಗುರುವಾರ ಪತ್ರಿಕೆಯಲ್ಲಿ "ಮುಳ್ಳುಹಂದಿ"ಯ ಪದಬಂಧ ಬಂದಿತ್ತು. ಅದು ಲಯೊನೆಲನ ಗುಪ್ತನಾಮವೆಂದು ಆ ಮೇಜಿನಲ್ಲಿ ಎಲ್ಲರಿಗೂ ಗೊತ್ತು. ತನ್ನದೇ ಪದಬಂಧವಿದ್ದ ದಿನ ಅವನು ಬಾಯಿ ಬಿಡುವಂತಿಲ್ಲ, ಬೈಗುಳ ತಿನ್ನಬೇಕು. ಅಂಚಿನಲ್ಲಿ ಏನಾದರೂ ಅಡಗಿದ್ದರೆ ಕಂಡವರು ಕಾಣದವರಿಗೆ ಹೇಳುವಂತಿಲ್ಲ. ಹುಡುಕುವ ಸುಖ ಅವರವರದು. ಈ ಎರಡು ಕಟ್ಟಳೆಗಳನ್ನು ಆ ಕೋಣೆಯಲ್ಲಿ ಯಾರೂ ಎಂದೂ ಮುರಿದಿರಲಿಲ್ಲ.

ಲಯೊನೆಲ್ ಹೊಸ ಟೈ ಕಟ್ಟಿದ್ದ. ಅದರ ಗಂಟು ಒಂದು ಪಕ್ಕಕ್ಕೆ ವಾಲಿತ್ತು. ಸರಿಮಾಡಲು ಎನಿಡ್‌ಳ ಬೆರಳು ತುಡಿದವು. ಅವಳು ಗ್ಲಾಸು ಹಿಡಿದುಕೊಂಡಳು.

"ಕಾಲು, ಹಿಂಡಿದ ಹಣ್ಣು, ಎರಡೂ ಕೂಡಿದರೆ ಬೆರಳಿಗೆ ಸಿಗದ ಲೋಹ," ಕ್ಲೆಮ್ ಜೋರಾಗಿ ಓದಿದ. "ಥೂ ಮುಳ್ಳುಹಂದಿ, ನಿನ್ನ ಮನೆ ಹಾಳಾಗ! ಕಾಲಂದ್ರೆ ಪಾದ, ಹಣ್ಣು ಹಿಂಡಿದ್ರೆ ರಸ. ಪಾದರಸ! ಒಪ್ಪಿದೆ, ಒಪ್ಪಿದೆ. ಸಿಟ್ಟು ಮಾತ್ರ ಹೋಗಿಲ್ಲ."

ಲಯೊನೆಲ್ ಆಲೂಗಡ್ಡೆ ಚಿಪ್ಸನ್ನು ಒಂದೊಂದಾಗಿ ಮುರಿಯುತ್ತಿದ್ದ. ಅವನ ಕಣ್ಣು ರೊವೀನಾಳ ಪೆನ್ನಿನ ತುದಿಯಲ್ಲಿತ್ತು.

"ಇದು ನೋಡಿ," ರೊವೀನಾ ಅಂದಳು. "ಹೊಳೆ ಹಿಂದಕ್ಕೆ ಹರಿದರೆ ಒಂದು ಹಗಲು, ಒಂದು ರಾತ್ರಿ. ಎರಡೇ ಅಕ್ಷರ. ನನಗಂತೂ ತಲೆಬುಡ ತಿಳೀತಿಲ್ಲ. ಎನಿಡ್, ನೀನೇ ಗತಿ."

"ಹೊಳೆಗೆ ಇನ್ನೊಂದು ಹೆಸರೇನು?"

"ನದಿ."

"ಹಿಂದಕ್ಕೆ ಹರಿಸು ಅದನ್ನ."

ರೊವೀನಾ ತುಟಿಯಲ್ಲೇ ಅಕ್ಷರ ತಿರುಗಿಸಿದಳು. ಮುಖ ಅರಳಿತು. "ದಿನ! ಅಬ್ಬಾ, ಎಷ್ಟು ಮುದ್ದಾಗಿದೆ! ಲಯೊನೆಲ್, ಇಂಥದ್ದೆಲ್ಲ ನಿನ್ನ ತಲೆಗೆ ಯಾವಾಗ ಹೊಳೆಯತ್ತೋ? ಹಲ್ಲುಜ್ಜುವಾಗಲಾ?"

"ಅವನು ಮಾತಾಡೋ ಹಾಗಿಲ್ಲ," ಕ್ಲೆಮ್ ನೆನಪಿಸಿದ. "ಮಾತಾಡಿದ್ರೆ ಕುತ್ತಿಗೆ ಹಿಸುಕ್ತೀನಿ."

ಮೂರೂಮುಕ್ಕಾಲಿಗೆ ಕೊನೆಯ ಚೌಕ ತುಂಬಿತು. ಕ್ಲೆಮ್ ತನ್ನ ಹಾಳೆಯನ್ನು ದೂರ ಹಿಡಿದು ನೋಡಿದ. ಅವನ ಹುಬ್ಬು ಮೇಲೇರಿತು. ಮೆಲ್ಲಗೆ ಒಂದು ಸಿಳ್ಳೆ ಹೊರಟು ಅರ್ಧಕ್ಕೆ ನಿಂತಿತು. ಅವನು ಲಯೊನೆಲನನ್ನು ನೋಡಲಿಲ್ಲ, ರೊವೀನಾಳನ್ನೂ ನೋಡಲಿಲ್ಲ. ಎನಿಡ್‌ಳನ್ನು ನೋಡಿದ. ಆಮೇಲೆ ಪತ್ರಿಕೆ ಮಡಚಿ ಜೇಬಿಗಿಟ್ಟುಕೊಂಡು, ಅವಳ ಮುಂದೆ ತನ್ನ ಪಾಲಿನ ಬಿಸ್ಕತ್ತನ್ನು ಸುಮ್ಮನೆ ಸರಿಸಿದ.

ರೊವೀನಾ ಕನ್ನಡಕ ಮೇಲಕ್ಕೆತ್ತಿಕೊಂಡು ತನ್ನ ಹಾಳೆಯನ್ನು ಒಮ್ಮೆ ನೋಡಿದಳು. ಲಯೊನೆಲನ ಉಸಿರು ನಿಂತದ್ದು ಎನಿಡ್‌ಗೆ ಪಕ್ಕದಲ್ಲೇ ಕೇಳಿಸಿತು.

"ಚೆನ್ನಾಗಿದೆ, ಲಯೊನೆಲ್," ರೊವೀನಾ ಮೃದುವಾಗಿ ಅಂದಳು. ಅವನ ಕೈಯ ಮೇಲೆ ಕೈಯಿಟ್ಟು ಒಮ್ಮೆ ಒತ್ತಿದಳು. "ನಿಜವಾಗ್ಲೂ ತುಂಬ ಚೆನ್ನಾಗಿದೆ." ನಂತರ ತನ್ನ ನಾಯಿಯ ಬೆಲ್ಟು ಹುಡುಕುತ್ತ, "ಅಂದ ಹಾಗೆ, ಶನಿವಾರದ ಸಂತೆಗೆ ಯಾರಾದ್ರೂ ಹೋಗ್ತೀರಾ?" ಎಂದಳು.

ಲಯೊನೆಲ್ ನಕ್ಕ. ಅಂಥ ನಗುವನ್ನು ಎನಿಡ್ ಕನ್ನಡಕದ ಅಂಗಡಿಯಲ್ಲಿ ನೋಡಿದ್ದಳು; ಇನ್ನು ದೃಷ್ಟಿ ಸುಧಾರಿಸುವುದಿಲ್ಲವೆಂದು ಡಾಕ್ಟರು ಹೇಳಿದಾಗ ಸಭ್ಯರು ನಗುವುದು ಹಾಗೆ.

*

ಅವನು ಎರಡು ಗುರುವಾರ ಬರಲಿಲ್ಲ. ಮೂರನೆಯ ಗುರುವಾರ ಬಂದ, ಯಾವ ಸುಳಿವಿಗೂ ವಿವರಣೆ ಕೊಡಲಿಲ್ಲ. ನಾಲ್ಕಕ್ಕೆ ಎನಿಡ್ ಎದ್ದಾಗ ತಾನೂ ಎದ್ದು, "ಬಸ್‌ಸ್ಟಾಪಿನವರೆಗೆ ಬರ್ತೀನಿ" ಎಂದ.

ಬೀದಿಯಲ್ಲಿ ಬಿಸಿಲು ತೆಳ್ಳಗಿತ್ತು. ಅವನು ರಸ್ತೆಯ ಕಡೆಯ ಪಕ್ಕಕ್ಕೆ ಬಂದು ನಡೆದ. ಯಾವಾಗಲೂ ಹಾಗೆಯೇ, ಕೆಸರು ಹಾರಿದರೆ ತನಗೆ ಹಾರಲಿ ಎಂದು.

"ಮನೆ ಮಾರ್ತಿದ್ದೀನಿ, ಎನಿಡ್. ಬೆರಿಕ್‌ಗೆ ಹೋಗ್ತೀನಿ, ಅಕ್ಕನ ಹತ್ರ."

"ಯಾಕೆ?"

"ನೀನು ಪರೀಕ್ಷೆ ಮಾಡಿದವಳು, ನಿನಗೆ ಗೊತ್ತಿಲ್ವಾ?" ಅವನು ನೆಲ ನೋಡುತ್ತ ನಡೆದ. "ಅವಳು ಓದಿದಳು. ಓದಿ, ನನಗೆ ಅವಮಾನ ಆಗಬಾರದು ಅಂತ ಕೈ ಒತ್ತಿ, ಮಾತು ಬದಲಾಯಿಸಿದಳು. ದೊಡ್ಡ ಮನಸ್ಸು ಅವಳದ್ದು. ನನ್ನದೇ ತಪ್ಪು. ಅರವತ್ತೆರಡಕ್ಕೆ ಈ ಹುಡುಗಾಟ! ಗಂಡನನ್ನು ಕಳ್ಕೊಂಡವಳು ನಾಲ್ಕು ಜನರ ಜೊತೆ ನಗೋಣ ಅಂತ ಬಂದ್ರೆ, ಅವಳಿಗೆ ಮುಜುಗರ ಮಾಡಿಟ್ಟೆ. ನೆನೆಸ್ಕೊಂಡ್ರೆ ಮೈ ಬೆಂಕಿಯಾಗುತ್ತೆ. ಮುಳ್ಳುಹಂದಿನೂ ಮುಗೀತು. ಇನ್ನು ಬರೆಯಲ್ಲ."

ಎನಿಡ್ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ನೀನು ಮಾತ್ರ ಬರ್ತಿರಬೇಕು," ಅವನು ಸ್ವರ ಬದಲಿಸಿಕೊಂಡು ಹೇಳಿದ. "ಭಾನುವಾರ ಹತ್ತರ ರೈಲು ಹಿಡಿ. ಅಕ್ಕ ಪೈ ಚೆನ್ನಾಗಿ ಮಾಡ್ತಾಳೆ. ಕಿಟಕಿಯಿಂದ ಸಮುದ್ರ ಕಾಣುತ್ತೆ. ನಾವಿಬ್ಬರೇ ಕೂತು ಬಿಡಿಸೋಣ. ನೀನು ಕೆಳಗಿನಿಂದ, ನಾನು ಮೇಲಿನಿಂದ." ಅವನು ಅವಳನ್ನು ನೋಡಿದ. "ನೀನೂ ಇಲ್ಲದಿದ್ರೆ ನನಗೆ ಕಷ್ಟ ಆಗುತ್ತೆ, ಎನಿಡ್."

ಆ ಕಿಟಕಿ ಅವಳ ಕಣ್ಣಿಗೆ ಕಟ್ಟಿತು. ಎರಡು ಕುರ್ಚಿ, ಒಂದು ಹಾಳೆ, ಮಧ್ಯದಲ್ಲಿ ಸೇರುವ ಎರಡು ಪೆನ್ಸಿಲು. ಒಂದು ವರ್ಷ, ಎರಡು ವರ್ಷ. ಆಮೇಲೆ ಹತ್ತರ ರೈಲು ಹಿಡಿಯುವ ಅಗತ್ಯವೂ ಇರಲಾರದು. ಅದಕ್ಕಾಗಿ ಅವಳು ಮಾಡಬೇಕಾದದ್ದೇನೂ ಇರಲಿಲ್ಲ. ಇದುವರೆಗೆ ಮಾಡಿದ್ದನ್ನೇ ಮಾಡಿಕೊಂಡಿದ್ದರೆ ಸಾಕಿತ್ತು.

ಆದರೆ ಅವನ ಕಿವಿ ಇನ್ನೂ ಕೆಂಪಾಗಿತ್ತು. ಮಾಡದ ತಪ್ಪಿಗೆ ನಾಚಿ, ಊರು ಬಿಡಲು ಹೊರಟ ಮನುಷ್ಯನ ಕಿವಿ.

"ಅವಳು ಓದಿಲ್ಲ, ಲಯೊನೆಲ್."

"ಏನು?"

"ರೊವೀನಾ ಅಂಚು ನೋಡೋದೇ ಇಲ್ಲ. ಚೌಕ ತುಂಬಿದ್ರೆ ಅವಳಿಗೆ ಮುಗೀತು. ಆಚೆ ವರ್ಷದ ಕ್ರಿಸ್‌ಮಸ್ಸಿಗೂ ನೋಡಿರ್ಲಿಲ್ಲ, ನೀನು ಜ್ವರ ಅಂತ ಮಲಗಿದ್ದೆಯಲ್ಲ, ಆಗ. ಚೆನ್ನಾಗಿದೆ ಅಂದಿದ್ದು ಪದಬಂಧಕ್ಕೆ. ಅಷ್ಟೇ. ಆ ಪ್ರಶ್ನೆ ಅವಳಿಗೆ ಇನ್ನೂ ತಲುಪಿಲ್ಲ."

ಅವನು ನಿಂತುಬಿಟ್ಟ. "ತುಂಬಿದ ಮೇಲೆ ಅಂಚು ನೋಡದೆ ಯಾರಾದ್ರೂ ಇರ್ತಾರಾ?"

"ನಮ್ಮಂಥವರು ಇರಲ್ಲ. ಬೇರೆಯವರೆಲ್ಲ ಹಾಗೇ ಇರೋದು."

ಅವನ ಮುಖದಲ್ಲಿ ಮೊದಲು ಬೆಳಕು ಬಂತು. ಅದನ್ನು ನೋಡಲು ಅವಳಿಗೆ ಶಕ್ತಿ ಬೇಕಾಯಿತು. ಹಿಂದೆಯೇ ಬೇರೊಂದು ಬಂತು.

"ಪರೀಕ್ಷೆ ಮಾಡುವಾಗಲೇ ಇದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎಲ್ಲ ಸರಿಯಿದೆ ಅಂತ ಬರೆದೆ."

"ಬರೆದೆ."

"ಹನ್ನೊಂದು ವರ್ಷದಲ್ಲಿ ನೀನು ಒಂದು ಅಲ್ಪವಿರಾಮ ತಪ್ಪಿದ್ರೂ ಬಿಟ್ಟವಳಲ್ಲ." ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಯಾಕೆ, ಎನಿಡ್?"

"ನಾನು ಕೆಳಗಿನ ಸಾಲು ಮೊದಲು ಓದಿದೆ," ಅವಳೆಂದಳು. "ನಿನಗೆ ಗೊತ್ತಲ್ಲ, ನಾನು ಯಾವಾಗ್ಲೂ ಕೆಳಗಿನಿಂದ. ಮೇಲಿನ ಸಾಲಿಗೆ ಬರೋಕೆ ಇಪ್ಪತ್ತು ನಿಮಿಷ ಹಿಡೀತು. ಆ ಇಪ್ಪತ್ತು ನಿಮಿಷ ಅದು ನನಗೇ ಬರೆದದ್ದು ಅಂದ್ಕೊಂಡಿದ್ದೆ. ಬಟ್ಟೆನೂ ಬದಲಾಯಿಸ್ಕೊಂಡು ಬಂದೆ." ಅವಳು ನಗಲು ನೋಡಿದಳು, ಆಗಲಿಲ್ಲ. "ಹೌದು ಅಂತಲೇ ಹೇಳ್ತಿದ್ದೆ. ಯಾವ ವರ್ಷ ಕೇಳಿದ್ರೂ ಹೌದು ಅಂತಿದ್ದೆ. ಆಮೇಲೆ ಅವಳ ಹೆಸರು ಬಂತು. ಅದನ್ನ ಅವಳಿಗೆ ನಾನೇ ತಲುಪಿಸೋಕೆ ನನ್ನ ಕೈಲಿ ಆಗಲಿಲ್ಲ."

ಒಬ್ಬ ಹೆಂಗಸು ಮಗುವಿನ ಗಾಡಿ ತಳ್ಳಿಕೊಂಡು ಅವರ ನಡುವೆ ದಾರಿ ಕೇಳಿ ಹಾದುಹೋದಳು. ಲಯೊನೆಲ್ ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ.

"ನನಗೆ ಕಾಣಲೇ ಇಲ್ಲ," ಕೊನೆಗೆ ಅಂದ. "ಹನ್ನೊಂದು ವರ್ಷ."

"ನಾನು ಕಾಣಿಸ್ಕೊಳ್ಳಲಿಲ್ಲ."

"ನಿನ್ನ ಮೇಲೆ ಸಿಟ್ಟಿದೆ. ಸುಳ್ಳು ಹೇಳಲ್ಲ. ಎಷ್ಟು ದಿನ ಇರುತ್ತೋ ಗೊತ್ತಿಲ್ಲ."

"ಇರಲಿ. ಅವಳು ಈಗ ಮನೆ ಸೇರಿರ್ತಾಳೆ, ಲಯೊನೆಲ್. ಐದಕ್ಕೆ ನಾಯಿ ಕರ್ಕೊಂಡು ಹೊರಡ್ತಾಳೆ. ಈ ಸಲ ಬಾಯಲ್ಲೇ ಕೇಳು."

ಅವನು ಟೊಪ್ಪಿಗೆ ಹಾಕಿಕೊಂಡು ತಿರುಗಿದ. ಮೊದಲು ನಿಧಾನವಾಗಿ ನಡೆದ. ಹತ್ತು ಹೆಜ್ಜೆಯಾದ ಮೇಲೆ ಅವನ ಕೋಟಿನ ಅಂಚು ಹಾರತೊಡಗಿತು. ಎನಿಡ್ ಸ್ಟಾಪಿನ ಬೆಂಚಿನಲ್ಲಿ ಕುಳಿತು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ಹೆಜ್ಜೆ ಸಪ್ಪಳ ಮರಳಿ ಬಂತು. ಅವಸರದ ಹೆಜ್ಜೆ. ಅವಳು ತಲೆಯೆತ್ತುವ ಮೊದಲೇ ಎದೆ ಎದ್ದು ನಿಂತಿತ್ತು.

ಲಯೊನೆಲ್ ಏದುಸಿರು ಬಿಡುತ್ತ ಎದುರಿಗಿದ್ದ. "ಇಲ್ಲಿ ಬಸ್ ನಿಲ್ಲಲ್ಲ ಇವತ್ತು. ಕೆಳಗೆ ಪೈಪ್ ಹಾಕೋಕೆ ರಸ್ತೆ ಅಗೆದಿದ್ದಾರೆ. ಮೇಲೆ, ಚರ್ಚಿನ ಹಿಂದಿನ ಸ್ಟಾಪಿಗೆ ಹೋಗಬೇಕು. ನೀನು ಸುಮ್ನೆ ಕಾಯ್ತಾ ಕೂತ್ಕೋತೀಯ ಅಂತ..."

"ಓ," ಅಂದಳು ಎನಿಡ್. "ಒಳ್ಳೇದಾಯ್ತು ಹೇಳಿದ್ದು."

ಅವನು ತಲೆಯಾಡಿಸಿ ಮತ್ತೆ ಹೊರಟ. ರೊವೀನಾಳ ಮನೆಗೂ ಚರ್ಚಿನ ಹಿಂದಿನ ಸ್ಟಾಪಿಗೂ ಅರ್ಧ ಬೀದಿ ಒಂದೇ ದಾರಿ. ತಾನೀಗ ಎದ್ದರೆ ಅವನು ಹೆಜ್ಜೆ ನಿಧಾನಿಸಿ ಜೊತೆಗೆ ನಡೆದಾನು, ರಸ್ತೆಯ ಕಡೆಯ ಪಕ್ಕಕ್ಕೂ ಬಂದಾನು ಎಂದು ಅವಳಿಗೆ ಗೊತ್ತಿತ್ತು. ಅವನು ಮೇಲಿನ ತಿರುವಿನಲ್ಲಿ ಮರೆಯಾಗುವವರೆಗೂ ಎನಿಡ್ ಬಸ್ಸು ಬಾರದ ಆ ಬೆಂಚಿನ ಮೇಲೆಯೇ ಕುಳಿತಿದ್ದು, ಆಮೇಲೆ ಎದ್ದಳು.