ಕನ್ನಡಕ ಒರೆಸುವಷ್ಟು ಹೊತ್ತು

ಆ ಕಾಲದ ಔತಣಗಳನ್ನು ನೆನೆದರೆ ಅವಳಿಗೆ ಮೊದಲು ನೆನಪಾಗುವುದು ಹಸಿವು. ವಿದೇಶಾಂಗ ಇಲಾಖೆಯ ದುಭಾಷಿ ಅವಳು. ಮುಂದೆ ತಟ್ಟೆ ಇರುತ್ತಿತ್ತು, ತಿನ್ನಲು ಬಿಡುವಿರುತ್ತಿರಲಿಲ್ಲ. ಒಬ್ಬರು ಮುಗಿಸುವಷ್ಟರಲ್ಲಿ ಇನ್ನೊಬ್ಬರು ಶುರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಗಾದೆಯನ್ನು ದುಭಾಷಿಗಳಿಗೆಂದೇ ಮಾಡಿರಬೇಕು.

ನೆರೆದೇಶದ ಹೊಸ ರಾಯಭಾರಿ ಬಂದ ಮೊದಲ ಔತಣದಲ್ಲಿ ಮಂತ್ರಿಗಳು ಏನೋ ಕೇಳಿದರು. ಆತ ಉತ್ತರಿಸದೆ ಕನ್ನಡಕ ತೆಗೆದು ನಿಧಾನವಾಗಿ ಒರೆಸತೊಡಗಿದ. ಎಂಥ ಮಂದ ಮನುಷ್ಯನಪ್ಪಾ ಅಂದುಕೊಂಡಳು.

ಹೊರಡುವಾಗ ಆತ ಬಾಗಿಲ ಬಳಿ ತನ್ನ ಭಾಷೆಯಲ್ಲಿ ಮೆಲ್ಲಗೆ ಕೇಳಿದ: “ಅಷ್ಟು ಹೊತ್ತು ಕನ್ನಡಕ ಒರೆಸಿದೆ, ನೀವು ಒಂದು ತುತ್ತೂ ತಿನ್ನಲಿಲ್ವಲ್ಲ ಮೇಡಂ?”

“ಅಯ್ಯೋ! ನನಗೋಸ್ಕರಾನಾ? ನಿಮಗೆ ಮಾತೇ ತೋಚ್ತಿಲ್ಲ ಅಂದ್ಕೊಂಡೆ!”

“ಅದೂ ಸ್ವಲ್ಪ ಇತ್ತು,” ಎಂದು ನಕ್ಕ. ಆ ನಗು ಅವಳ ಜೊತೆ ಮನೆಗೇ ಬಂತು.

ಆಮೇಲೆ ಕನ್ನಡಕ ಅವನ ಕೈಗೆ ಬಂದರೆ ಸಾಕು, ಅವಳ ಚಮಚ ಏಳುತ್ತಿತ್ತು. ಓರೆಗಣ್ಣಲ್ಲಿ ನೋಡಿ, ಅವಳು ನುಂಗಿದ ಮೇಲೆಯೇ ಅವನ ಮಾತು. ಇಬ್ಬರೂ ಬೇರೆ ಬೇರೆ ಸರ್ಕಾರದ ಉಪ್ಪು ತಿಂದವರು. ಅದಕ್ಕಿಂತ ಮುಂದೆ ಹೋಗಲು ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಗಡಿಯ ವಿಷಯಕ್ಕೆ ಎರಡು ದೇಶಗಳ ನಡುವೆ ಹುಳಿ ಹಿಂಡಿದಂತಾಯಿತು. ಸಮಾಲೋಚನೆಗೆಂದು ತನ್ನ ಸರ್ಕಾರ ತನ್ನನ್ನು ವಾಪಸ್ ಕರೆಸಿಕೊಳ್ಳುತ್ತಿದೆ ಎಂದು ತಿಳಿಸಲು ಅವನು ಇಲಾಖೆಗೆ ಬಂದ. ಅಂದು ಯಾರೂ ಕಾಫಿ ತರಿಸಲಿಲ್ಲ. ಕಾರ್ಯದರ್ಶಿ ಖಡಾಖಂಡಿತವಾಗಿ ಹೇಳಿದ್ದನ್ನು ಅವಳೇ ಅವನಿಗೆ ಹೇಳಬೇಕಾಯಿತು: “ನಿಮ್ಮ ಮೇಲೆ ನಮಗೆ ನಂಬಿಕೆ ಉಳಿದಿಲ್ಲ.” ಕೊನೆಯ ಪದ ಬಂದಾಗ ಟಿಪ್ಪಣಿ ಪುಸ್ತಕದತ್ತ ತಲೆ ತಗ್ಗಿಸಿದಳು.

ಅವನು ಕನ್ನಡಕ ತೆಗೆದು ಒರೆಸತೊಡಗಿದ.

ಮೇಜಿನ ಮೇಲೆ ತಟ್ಟೆ ಇರಲಿಲ್ಲ. ಅವಳು ಅಳು ನುಂಗಲೆಂದು ಒರೆಸುತ್ತಿದ್ದ. ಕಾರ್ಯದರ್ಶಿ ಗಡಿಯಾರ ನೋಡಿದರು. ಅವನು ಇನ್ನೊಂದು ಗಾಜಿಗೆ ಕೈಹಾಕಿದ.

ಅವನನ್ನು ಮೆಟ್ಟಿಲಿನವರೆಗೆ ಕಳಿಸಿಕೊಡುವುದು ಅವಳ ಕೆಲಸವಾಗಿತ್ತು.

“ಸಮಾಲೋಚನೆ ಮುಗಿದ್ಮೇಲೆ ಬರ್ತೀರಾ?”

“ಕಳಿಸ್ತಾರೋ ಇಲ್ವೋ.”

“ಅವರು ಕಳಿಸ್ದಿದ್ರೆ ನೀವಾಗೇ ಬನ್ನಿ.” ಅವನ ಜೊತೆ ಒಂದು ಮೆಟ್ಟಿಲು ಇಳಿದಳು. “ಇದು ಯಾರ ಮಾತಿನ ಅನುವಾದಾನೂ ಅಲ್ಲ. ನಂದೇ.”

ಕಾರಿನವನು ಬಾಗಿಲು ತೆರೆದು ನಿಂತಿದ್ದ. ರಾಯಭಾರಿ ತಲೆಯಾಡಿಸಿ ಹೋದ, ಅಷ್ಟೇ.

ಅವನ ಸರ್ಕಾರ ಮುಂದೆ ಕಳಿಸಿದ್ದು ಬೇರೆ ರಾಯಭಾರಿಯನ್ನು. ಇವನು ಕೆಲಸ ಬಿಟ್ಟು, ಒಂದು ಸೂಟ್‌ಕೇಸ್ ಹಿಡಿದು, ತಾನಾಗೇ ಬಂದ.

ಈಗ ಇಬ್ಬರ ತಲೆಯೂ ನರೆತಿದೆ. ಊಟಕ್ಕೆ ಕೂತು ಅವಳು ಈ ಹಳೆಯ ಕಥೆ ತೆಗೆದರೆ ನಿಲ್ಲಿಸುವುದೇ ಇಲ್ಲ. ಇಂದೂ ಅಷ್ಟೇ. ಎದುರಿಗೆ ಅವನು ಮೆಲ್ಲಗೆ ಕನ್ನಡಕ ತೆಗೆದ.

“ಸರಿ ಕಣ್ರೀ, ತಿಂತೀನಿ,” ಎಂದಳು.