ಸೊಸೆಯ ಕೈಗೆ ಕೊಡದ ಗುಂಡಿ

“ಆಕೀ ಕೈಯಾಗ ನನ್ನ ಜೀವಾ ಕೊಡಬ್ಯಾಡ್ರಿ ಡಾಕ್ಟರ್! ನನ್ನ ಮಗಳು ಭಕ್ತಿ ಬಾಜೂ ಕೂಡತಾಳ!”

ಬೆಳಗಾವಿಯ ಆಸ್ಪತ್ರೆಯಲ್ಲಿ ಕಮಲವ್ವ ಹೀಗೆ ಕೂಗಿದಾಗ ಸೊಸೆ ತ್ರಿಶಲಾ ಮಂಚದ ಪಕ್ಕದಲ್ಲೇ ನಿಂತಿದ್ದಳು. ಮಗ ಗೊಮ್ಮಟೇಶ ತಲೆ ತಗ್ಗಿಸಿದ. ತ್ರಿಶಲಾ ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತಳು.

ಕಣಗಲಾ ಊರಿನ ಕಮಲವ್ವನಿಗೆ ಬೆನ್ನಿನ ಆಪರೇಷನ್ ಆದಾಗಿನಿಂದ ಎಡಗಾಲು ಹಗಲಿರುಳೂ ಉರಿಯುತ್ತಿತ್ತು. ಯಾವ ಗುಳಿಗೆಗೂ ಬಗ್ಗದ ನೋವು! ಬೆನ್ನುಹುರಿಯ ಬಳಿ ತಂತಿಯಿಟ್ಟು, ಸಣ್ಣಗೆ ಕರೆಂಟು ಹರಿಸಿ ಆ ನೋವನ್ನು ಅಡಗಿಸುವ ಯಂತ್ರವೊಂದು ಆಗ, 2006ರಲ್ಲಿ, ಈ ಕಡೆಗೆ ಹೊಸತು. ಆದರೆ ಆಕೆಯ ಎದೆಯಲ್ಲಿ ಮೊದಲೇ ಪೇಸ್‌ಮೇಕರ್ ಇತ್ತು.

“ಈ ಕರೆಂಟನ್ನ ಪೇಸ್‌ಮೇಕರ್ ಹೃದಯದ ಬಡಿತ ಅಂತ ತಿಳಕೊಂಡು ಸುಮ್ಮನಾಗಬಹುದ್ರಿ. ಅದಕ್ಕ ಮೊದಲಿಗೆ ತಂತಿ ಅಷ್ಟ ಒಳಗಿಟ್ಟು, ಯಂತ್ರ ಮೈ ಹೊರಗಿಟ್ಟು ನೋಡೂಣು. ಕಣ್ಣಿಗೆ ಕತ್ತಲಿ ಬಂದ್ರ ಬಾಜೂ ಇದ್ದವರು ತಕ್ಷಣ ಈ ಗುಂಡಿ ಒತ್ತಿ ಬಂದ್ ಮಾಡಬೇಕು” ಎಂದಿದ್ದರು ಡಾಕ್ಟರು.

ಕಮಲವ್ವನಿಗೆ ಹಳೆಯದೆಲ್ಲ ನೆನಪಾಗಿತ್ತು. ಬಾಣಂತನದಲ್ಲಿ ತ್ರಿಶಲಾ ಸೊಂಟನೋವೆಂದು ಹೊರಳಾಡಿದಾಗ, “ಸೋಗು ಸಾಕು, ಏಳು” ಎಂದು ನೀರಿನ ಕೊಡ ಹೊರಿಸಿದವಳು ತಾನೇ. ಈಗ ಅವಳು ಗುಂಡಿ ಒತ್ತಲು ಬೇಕೆಂದೇ ಕೊಂಚ ತಡ ಮಾಡಿದರೆ…?

ಮರುದಿನ ಯಂತ್ರ ಶುರುವಾಯಿತು. ಕಾಲಿನ ಉರಿ ಇಳಿದದ್ದೇ ಕಮಲವ್ವ ಮಗುವಿನಂತೆ ಅತ್ತಳು. ಊಟದ ಹೊತ್ತಿಗೆ ಎದ್ದು ಕೂರಲು ಹೋದವಳಿಗೆ ಕೋಣೆಯೆಲ್ಲ ತಿರುಗಿತು. “ಅವ್ವಾ!” ಎಂದು ಚೀರಿದ ಭಕ್ತಿ ಯಂತ್ರವನ್ನು ಕೈಬಿಟ್ಟು ನರ್ಸನ್ನು ಕರೆಯಲು ಓಡಿದಳು. ಅದು ಮಂಚದ ಕೆಳಗೆ ಜೋತುಬಿತ್ತು.

ಕಣ್ಣು ತೆರೆದಾಗ ಕಮಲವ್ವನ ಮುಂದಿದ್ದದ್ದು ತ್ರಿಶಲಾಳ ಮುಖ. ಚೀರಿದ್ದು ಕೇಳಿ ಹೊರಗಿನ ಬೆಂಚಿನಿಂದ ಓಡಿಬಂದು, ಮಂಚದಡಿಗೆ ನುಗ್ಗಿ ಗುಂಡಿ ಒತ್ತಿದವಳು ಅವಳೇ. ಸೀರೆಗೆಲ್ಲ ಧೂಳು ಮೆತ್ತಿತ್ತು.

“ಅತ್ಯಾರ, ಉಸರ ತಗೋರಿ… ನನ್ನ ಕಡೆ ನೋಡ್ರಿ!” ಎಂದು ಅಳುತ್ತಿದ್ದಳು.

ಆ ಕಣ್ಣೀರನ್ನು ನೋಡಲಾರದೆ ಕಮಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿಬಿಟ್ಟರೆ ಇಳಿದುಬಿಡಬೇಕೆನಿಸಿತು.

ಡಾಕ್ಟರು ಪೇಸ್‌ಮೇಕರನ್ನು ಬೇರೆ ರೀತಿ ಹೊಂದಿಸಿ, ಕರೆಂಟು ತಗ್ಗಿಸಿದರು. ಮತ್ತೆ ಯಾರು ಕೂಡುತ್ತೀರೆಂದು ಕೇಳಿದಾಗ ಕಮಲವ್ವ ಗೋಡೆಯ ಕಡೆ ನೋಡುತ್ತ, “ತ್ರಿಶಲಾ… ನೀನ ಕೂಡವಾ” ಎಂದಳು. ತಪ್ಪಾಯಿತೆನ್ನಲು ನಾಲಿಗೆ ಹೊರಳಲಿಲ್ಲ.

“ಕೂಡತೇನ್ರಿ. ಆದ್ರ ನೀವು ನಿನ್ನಿ ಅಂದ ಮಾತು ನನಗ ಮರಿಯಾಕ ಆಗೂದಿಲ್ರಿ.”

ಮತ್ತೆ ಕಣ್ಣಿಗೆ ಕತ್ತಲೆ ಬರಲಿಲ್ಲ; ಯಂತ್ರ ಮೈಯೊಳಗೆ ಸೇರಿತು. ಕರೆಂಟು ತಗ್ಗಿಸಿದ್ದರಿಂದ ಅರ್ಧ ನೋವು ಹಾಗೇ ಉಳಿಯಿತು. ಊರಿಗೆ ಬಂದ ಮೇಲೆ ಪಕ್ಕದ ಮನೆಯ ಕಾಶೆವ್ವ ನೋಡಲು ಬಂದಳು. “ಹೊಟ್ಟೀಲಿ ಹುಟ್ಟಿದಾಕಿ ಬಾಜೂ ಇದ್ಲು, ಉಳದ್ರಿ ನೋಡ್ರಿ.”

ಒಳಗೆ ತ್ರಿಶಲಾ ರೊಟ್ಟಿ ಬಡಿಯುತ್ತಿದ್ದಳು. ಕಮಲವ್ವ ಅಡುಗೆಮನೆಯ ಕಡೆ ನೋಡಿದಳು.

“ಮಗಳಲ್ಲ ಕಾಶೆವ್ವಾ… ಸೊಸಿ ಉಳಿಸಿದ್ಲು. ಕೊಲ್ಲತಾಳ ಅಂತ ನಾ ಆಕೀನ್ನ ಹೊರಗ ಕೂಡಿಸಿದ್ದೆ.”

ರೊಟ್ಟಿಯ ಸದ್ದು ನಿಂತಿತು. ತ್ರಿಶಲಾ ಹೊರಗೆ ಬರಲಿಲ್ಲ. ತುಸು ಹೊತ್ತಿನ ಮೇಲೆ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.